ಟೇಪ್ ಕಟ್ ಮಾಡಿದ ಮೇಲೆ ಏನು? ಮೈಸೂರು-ಮಂಡ್ಯದ ಹಳ್ಳಿಗಳಲ್ಲಿ ಕಂಪನಿಗಳ ಸಿಎಸ್‌ಆರ್ ಕೆಲಸ

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೋಗಿ, ಇಲ್ಲವೇ ಮದ್ದೂರಿನಿಂದ ಒಳಗಿನ ಹಳ್ಳಿಗಳಿಗೆ ತಿರುಗಿ, ಯಾವುದೋ ಒಂದು ಕಂಪನಿಯ ಹೆಸರಿನ ಬೋರ್ಡ್ ಕಣ್ಣಿಗೆ ಬಿದ್ದೇ ಬೀಳುತ್ತದೆ. ಶಾಲೆಯ ಗೋಡೆ ಮೇಲೆ, ಬಸ್ ತಂಗುದಾಣದ ನೆತ್ತಿಯ ಮೇಲೆ, ಅಂಗನವಾಡಿಯ ಬಾಗಿಲ ಪಕ್ಕ, ಕುಡಿಯುವ ನೀರಿನ ಘಟಕದ ಮೇಲೆ. 'ಸಿಎಸ್‌ಆರ್ ಯೋಜನೆಯಡಿ ನಿರ್ಮಿಸಲಾಗಿದೆ' ಎಂದು ಬರೆದಿರುತ್ತಾರೆ, ಕೆಳಗೆ ಉದ್ಘಾಟನೆ ಮಾಡಿದವರ ಹೆಸರು. ಸಿಎಸ್‌ಆರ್ ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ. ಊರಿನವರನ್ನು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ, "ಕಂಪ್ನಿಯೋರು ಮಾಡಿಸಿಕೊಟ್ರು." ಯಾಕೆ ಮಾಡಿಸಿಕೊಟ್ಟರು, ಅದು ದಾನವಾ ಕಾನೂನಾ, ಕೆಟ್ಟು ನಿಂತರೆ ಯಾರನ್ನು ಕೇಳಬೇಕು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಈ ಬರಹ ಅದರ ಬಗ್ಗೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಎಷ್ಟು ಲಕ್ಷ ಕೊಟ್ಟಿತು ಎನ್ನುವುದು ನಿಜವಾದ ಪ್ರಶ್ನೆಯಲ್ಲ. ಕಟ್ಟಿಕೊಟ್ಟದ್ದನ್ನು ಐದು ವರ್ಷದ ಮೇಲೂ ಯಾರು ನಡೆಸುತ್ತಾರೆ, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದೇ ಪ್ರಶ್ನೆ. ಕಾನೂನು ಲೆಕ್ಕ ಹಾಕುವುದು ಖರ್ಚನ್ನು, ಊರು ಲೆಕ್ಕ ಹಾಕುವುದು ಬಳಕೆಯನ್ನು. ಈ ಎರಡು ಲೆಕ್ಕ ಕೂಡದೇ ಇರುವ ಕಡೆಯೆಲ್ಲ ಒಳ್ಳೆ ಮನಸ್ಸಿನಿಂದ ಶುರುವಾದ ಕೆಲಸವೂ ತುಕ್ಕು ಹಿಡಿಯುತ್ತದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಂ, ಜಾರಿಗೆ ಬಂದದ್ದು 2014ರ ಏಪ್ರಿಲ್ 1ರಿಂದ. ಹಿಂದಿನ ಹಣಕಾಸು ವರ್ಷದಲ್ಲಿ ಒಂದು ಕಂಪನಿಯ ನಿವ್ವಳ ಮೌಲ್ಯ 500 ಕೋಟಿ ಅಥವಾ ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೆ ಸಾಕು, ಅದು ಈ ಕಲಂನ ಒಳಗೆ ಬರುತ್ತದೆ. ಹಿಂದಿನ ಮೂರು ವರ್ಷಗಳ ಲಾಭದ ಸರಾಸರಿ ತೆಗೆದು, ಅದರ ಶೇ 2ರಷ್ಟನ್ನಾದರೂ ಸಾಮಾಜಿಕ ಹೊಣೆಗಾರಿಕೆಯ ಕೆಲಸಗಳಿಗೆ ಖರ್ಚು ಮಾಡಬೇಕು. ಸರಾಸರಿ ಲಾಭ 40 ಕೋಟಿ ಇದ್ದರೆ 80 ಲಕ್ಷ. 5 ಕೋಟಿ ಇದ್ದರೆ 10 ಲಕ್ಷ. ಯಾವ ಯಾವ ಕೆಲಸಕ್ಕೆ ಎನ್ನುವುದು ಕಾಯ್ದೆಯ 7ನೇ ಅನುಸೂಚಿಯಲ್ಲಿದೆ: ಹಸಿವು, ಆರೋಗ್ಯ, ಕುಡಿಯುವ ನೀರು, ಶಿಕ್ಷಣ, ಪರಿಸರ, ಪ್ರಾಣಿಗಳ ರಕ್ಷಣೆ, ಕಲೆ ಮತ್ತು ಪರಂಪರೆ, ಗ್ರಾಮೀಣ ಅಭಿವೃದ್ಧಿ, ಹೀಗೆ ಸಾಕಷ್ಟು ಉದ್ದ ಇದೆ.

ಈ 10 ಲಕ್ಷ, 20 ಲಕ್ಷದ ಕಂಪನಿಗಳನ್ನು ನಾವು ಮರೆತುಬಿಡುತ್ತೇವೆ. ಸಿಎಸ್‌ಆರ್ ಅಂದರೆ ದೊಡ್ಡ ದೊಡ್ಡ ಹೆಸರುಗಳೇ ನೆನಪಾಗುತ್ತವೆ ಅಲ್ವಾ. ಆದರೆ ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಮೇಟಗಳ್ಳಿ, ಕಡಕೊಳ, ತಾಂಡವಪುರ, ಹಿಮ್ಮಾವು ಕಡೆಯ ಕೈಗಾರಿಕಾ ಪ್ರದೇಶಗಳಲ್ಲಿ ಮಧ್ಯಮ ಗಾತ್ರದ ಕಾರ್ಖಾನೆಗಳೂ ಇವೆ. ಖರ್ಚು ಮಾಡಬೇಕಾದ ಮೊತ್ತ 50 ಲಕ್ಷ ದಾಟದಿದ್ದರೆ ಅಂಥ ಕಂಪನಿ ಪ್ರತ್ಯೇಕ ಸಿಎಸ್‌ಆರ್ ಸಮಿತಿಯನ್ನೂ ಮಾಡಬೇಕಾಗಿಲ್ಲ, ನಿರ್ದೇಶಕ ಮಂಡಳಿಯೇ ನೇರವಾಗಿ ತೀರ್ಮಾನ ಮಾಡಬಹುದು. ಅಂದರೆ ಊರಿನವರು ಹೋಗಿ ಮಾತಾಡಬಹುದಾದ ಮನುಷ್ಯ ಮುಂಬೈಯಲ್ಲೋ ದೆಹಲಿಯಲ್ಲೋ ಇಲ್ಲ, ಕಾರ್ಖಾನೆಯ ಆಫೀಸಿನಲ್ಲೇ ಇರುವ ಸಾಧ್ಯತೆ ಜಾಸ್ತಿ. ಒಂದು ಸರ್ಕಾರಿ ಶಾಲೆಗೆ ಕಾಂಪೌಂಡು, ಬೆಂಚು, ಹೆಣ್ಣುಮಕ್ಕಳ ಶೌಚಾಲಯ ಇಷ್ಟಕ್ಕೆ ಬೇಕಾಗುವ ಹಣ ಈ ಗಾತ್ರದ್ದೇ.

ಕಂಪನಿ ಕೊಡುವುದು ದಾನ ಅಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಹಾಗಂತ ಅದು ತೆರಿಗೆಯೂ ಅಲ್ಲ. ತೆರಿಗೆಯಾದರೆ ಸರ್ಕಾರ ವಸೂಲಿ ಮಾಡಿ ತಾನೇ ಹಂಚುತ್ತದೆ. ಇಲ್ಲಿ ಖರ್ಚು ಮಾಡು ಎಂದು ಹೇಳುವುದು ಕಾನೂನು, ಎಲ್ಲಿ ಏನು ಮಾಡಬೇಕು ಎಂದು ನಿರ್ಧರಿಸುವುದು ಕಂಪನಿಯ ಮಂಡಳಿ. ಶಾಸಕರಾಗಲಿ ಜಿಲ್ಲಾಧಿಕಾರಿಯಾಗಲಿ ಕೇಳಬಹುದು, ಆದೇಶ ಕೊಡಲಾಗುವುದಿಲ್ಲ. ಈ ನಡುವಿನ ಸ್ಥಿತಿಯೇ ಎಷ್ಟೋ ಗೊಂದಲಕ್ಕೆ ಕಾರಣ. ಊರಿನವರು ಒಂದೋ ಕೈಮುಗಿದು ನಿಲ್ಲುತ್ತಾರೆ, ಇಲ್ಲಾ 'ನಮ್ಮ ಜಮೀನು ತಗೊಂಡಿದ್ದೀರಿ, ಕೊಡಲೇಬೇಕು' ಎಂದು ಗೇಟಿನ ಮುಂದೆ ಕೂರುತ್ತಾರೆ. ಎರಡಕ್ಕೂ ನಡುವೆ, ಸಮಾನವಾಗಿ ಕೂತು ಮಾತಾಡುವ ದಾರಿ ಇದೆ. ಅದನ್ನು ಬಳಸುವವರು ಕಡಿಮೆ.

ಕಾನೂನು ಬರುವ ಮುಂಚೆ ನಮ್ಮ ಕಡೆ ಇದೆಲ್ಲ ಇರಲಿಲ್ಲ ಅಂತೇನಿಲ್ಲ. ಮೈಸೂರಿನಲ್ಲಿ ಸೈಕಲ್ ಅಗರಬತ್ತಿಯ ಎನ್. ರಂಗರಾವ್ ಅವರು 1948ರಲ್ಲಿ ಶುರುಮಾಡಿದ ಸಂಸ್ಥೆಯ ಕುಟುಂಬ, ದೃಷ್ಟಿದೋಷ ಇರುವ ಹೆಣ್ಣುಮಕ್ಕಳಿಗಾಗಿ ವಸತಿ ಶಾಲೆ ತೆರೆದದ್ದು 1988ರಲ್ಲಿ. ಇನ್ಫೋಸಿಸ್ ಫೌಂಡೇಷನ್ ಹುಟ್ಟಿದ್ದು 1996ರಲ್ಲಿ. ಟಿವಿಎಸ್ ಮೋಟಾರ್‌ನ ಶ್ರೀನಿವಾಸನ್ ಸರ್ವೀಸಸ್ ಟ್ರಸ್ಟ್ ಕೂಡ ಅದೇ ವರ್ಷದ್ದು. ಇವರನ್ನು ಯಾವ ಕಲಮೂ ಒತ್ತಾಯ ಮಾಡಿರಲಿಲ್ಲ.

ಮಂಡ್ಯಕ್ಕೆ ಬಂದರೆ ಇನ್ನೂ ಹಿಂದಕ್ಕೆ ಹೋಗಬೇಕು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾಯಿತು. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರ ದುಡಿಮೆ, ಇವೆಲ್ಲ ಸೇರಿ ಮಂಡ್ಯ ಕಬ್ಬಿನ ನಾಡಾಯಿತು. ಕಂಪನಿ ಊರಿಗೆ ಶಾಲೆ ಕೊಟ್ಟಿತು, ಮೈಷುಗರ್ ಪ್ರೌಢಶಾಲೆ ಎಂದರೆ ಮಂಡ್ಯದಲ್ಲಿ ಗೊತ್ತಿಲ್ಲದವರು ಯಾರು? ಆದರೆ ಕಾರ್ಖಾನೆ ನಷ್ಟಕ್ಕೆ ಬಿತ್ತು, ಕೆಲವು ವರ್ಷ ಕಬ್ಬು ಅರೆಯುವುದೇ ನಿಂತು 2022ರಲ್ಲಿ ಮತ್ತೆ ಶುರುವಾಯಿತು. ಕಂಪನಿಯ ಕಷ್ಟ ಶಾಲೆಗೂ ತಟ್ಟಿತು, ಶಿಕ್ಷಕರ ಸಂಬಳದ ಪ್ರಶ್ನೆ ಸುದ್ದಿಯಾಯಿತು. ಇದನ್ನು ಯಾರ ಮೇಲೂ ತಪ್ಪು ಹೊರಿಸಲು ಹೇಳುತ್ತಿಲ್ಲ. ಒಂದು ಕಂಪನಿಯ ಲಾಭದ ಮೇಲೆಯೇ ನಿಂತ ಸಂಸ್ಥೆಗೆ ಕಂಪನಿ ಸೊರಗಿದರೆ ಬೇರೆ ಆಸರೆ ಇರುವುದಿಲ್ಲ. ಸಿಎಸ್‌ಆರ್ ಹಣವೂ ಲಾಭದ ಹಣವೇ. ಲಾಭ ಇಲ್ಲದ ವರ್ಷಗಳು ಬಂದೇ ಬರುತ್ತವೆ.

ಮಂಡ್ಯದ ಇನ್ನೊಂದು ಕಷ್ಟ ಇಲ್ಲೇ ಇದೆ, ಇದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಜಿಲ್ಲೆಯ ಬದುಕನ್ನು ಹೊತ್ತಿರುವ ಸಂಸ್ಥೆಗಳು ಯಾವುವು? ಗೆಜ್ಜಲಗೆರೆಯ ಮನ್‌ಮುಲ್, ಅಂದರೆ ಹಾಲು ಉತ್ಪಾದಕರ ಸಹಕಾರಿ ಒಕ್ಕೂಟ. ಪಾಂಡವಪುರದ ಸಕ್ಕರೆ ಕಾರ್ಖಾನೆ ಹುಟ್ಟಿದ್ದೂ ಸಹಕಾರಿಯಾಗಿಯೇ. ಸಹಕಾರ ಸಂಘಗಳು ಕಂಪನಿ ಕಾಯ್ದೆಯಡಿ ಬರುವುದೇ ಇಲ್ಲ, ಹಾಗಾಗಿ 135ನೇ ಕಲಂ ಅವಕ್ಕೆ ಅನ್ವಯಿಸುವುದಿಲ್ಲ. ಮೈಷುಗರ್ ಕಂಪನಿಯೇ, ಆದರೆ ವರ್ಷಗಟ್ಟಲೆ ನಷ್ಟ ಕಂಡಿದೆ. ಖಾಸಗಿ ಸಕ್ಕರೆ ಕಾರ್ಖಾನೆಗಳಿವೆ, ಅವುಗಳ ಲಾಭ ಮಳೆ ಮತ್ತು ಕಬ್ಬಿನ ಜೊತೆ ಏರಿಳಿಯುತ್ತದೆ. ಅತ್ತ ಮೈಸೂರಿನಲ್ಲಿ ಐಟಿ, ಟೈರು, ಬೈಕು, ಬಣ್ಣ, ಆಹಾರ, ಔಷಧ ಎಲ್ಲ ಇದೆ. ಪಕ್ಕಪಕ್ಕದ ಎರಡು ಜಿಲ್ಲೆ, ಒಂದೇ ಕಾವೇರಿ, ಆದರೆ ಸಿಎಸ್‌ಆರ್ ಹಣ ಹುಟ್ಟುವ ನೆಲ ಬೇರೆ ಬೇರೆ. 2022-23ರಲ್ಲಿ ದೇಶದಲ್ಲಿ ಸುಮಾರು 30 ಸಾವಿರ ಕೋಟಿ ರೂಪಾಯಿ ಸಿಎಸ್‌ಆರ್ ಖರ್ಚಾಯಿತು ಎಂದು ಓದಿದಾಗ, ಆ ಹಣ ಬಡತನ ಇರುವ ಕಡೆ ಹರಿಯುತ್ತದೆ ಎಂದು ಅನಿಸಬಹುದು. ಬಹುಮಟ್ಟಿಗೆ ಅದು ಕಂಪನಿಗಳು ಇರುವ ಕಡೆಯೇ ಹರಿಯುತ್ತದೆ.

ಅದಕ್ಕೂ ಕಾನೂನಿನಲ್ಲಿ ಕಾರಣ ಇದೆ. ಕಂಪನಿ ತಾನು ಕೆಲಸ ಮಾಡುವ ಪ್ರದೇಶಕ್ಕೆ ಮತ್ತು ಅದರ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದು 135ನೇ ಕಲಂ ಹೇಳುತ್ತದೆ. ಇದು ಸಲಹೆಯ ರೂಪದ್ದೇ ಹೊರತು ಕಡ್ಡಾಯವಲ್ಲ ಎಂದು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟ ಮಾಡಿತು. ಅಂದರೆ ಮೈಸೂರಿನ ಕಂಪನಿಯೊಂದು ನಾಗಮಂಗಲದ ಹಳ್ಳಿಗೆ ಬರಲು ಯಾವ ಅಡ್ಡಿಯೂ ಇಲ್ಲ. ಕರೆಯುವವರು ಬೇಕು ಅಷ್ಟೇ.

ಈಗ ನೀರಿನ ಘಟಕದ ವಿಷಯಕ್ಕೆ ಬರೋಣ. ನಮ್ಮ ಕಡೆಯ ಸಿಎಸ್‌ಆರ್ ಕಥೆ ಪೂರ್ತಿ ಅರ್ಥವಾಗಬೇಕಾದರೆ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನಾಲೆ ಬಯಲಿನಲ್ಲಿ ಹಸಿರು ಕಂಡರೂ ಊರೊಳಗಿನ ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು, ಬೇಳೆ ಬೇಯುವುದಿಲ್ಲ, ಪಾತ್ರೆಗೆ ಬಿಳಿ ಪೊರೆ ಕಟ್ಟುತ್ತದೆ. ಹಾಗಾಗಿ ನೀರಿನ ಘಟಕ ಕೇಳದ ಊರಿಲ್ಲ, ಕೊಡಲು ಒಪ್ಪದ ಕಂಪನಿಯೂ ಕಡಿಮೆ. ಒಂದು ಚಿಕ್ಕ ಶೆಡ್ಡು, ಒಳಗೆ ಯಂತ್ರ, ಹೊರಗೆ ನಾಣ್ಯ ಹಾಕುವ ಕಿಂಡಿ. ಕೆಲವೇ ತಿಂಗಳಲ್ಲಿ ಮುಗಿಯುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ, ವರದಿಯಲ್ಲಿ 'ಇಷ್ಟು ಕುಟುಂಬಗಳಿಗೆ ಅನುಕೂಲ' ಎಂದು ಬರೆಯಬಹುದು. ಅನುಕೂಲ ನಿಜವೂ ಹೌದು, ಮೊದಲ ವರ್ಷ.

ಆಮೇಲೆ? ಒಂದು ಅಂದಾಜು ಲೆಕ್ಕ ಹಾಕೋಣ. 20 ಲೀಟರ್ ಕ್ಯಾನಿಗೆ 5 ರೂಪಾಯಿ, ದಿನಕ್ಕೆ 100 ಕ್ಯಾನ್ ಹೋದರೆ 500 ರೂಪಾಯಿ, ತಿಂಗಳಿಗೆ 15 ಸಾವಿರ. ಇದರಲ್ಲಿ ಕರೆಂಟ್ ಬಿಲ್ ಕಟ್ಟಬೇಕು, ನೋಡಿಕೊಳ್ಳುವವರಿಗೆ ಸಂಬಳ ಕೊಡಬೇಕು, ಫಿಲ್ಟರ್ ಬದಲಿಸಬೇಕು. ಇಷ್ಟು ಹೇಗೋ ನಡೆಯುತ್ತದೆ. ಆದರೆ ಗಡಸು ನೀರಿನಲ್ಲಿ ಮೆಂಬ್ರೇನ್, ಅಂದರೆ ಯಂತ್ರದೊಳಗೆ ನೀರು ಸೋಸುವ ಪೊರೆ, ಬೇಗ ಹಾಳಾಗುತ್ತದೆ, ಅದನ್ನು ಬದಲಿಸುವ ದಿನ ಒಂದೇ ಸಲಕ್ಕೆ ದೊಡ್ಡ ಮೊತ್ತ ಬೇಕು. ಮೋಟಾರ್ ಸುಟ್ಟರೂ ಅಷ್ಟೇ. ತಿಂಗಳು ತಿಂಗಳು ಎರಡು ಮೂರು ಸಾವಿರ ಎತ್ತಿಟ್ಟಿದ್ದರೆ ಆ ದಿನ ದುಡ್ಡಿರುತ್ತದೆ. ಎತ್ತಿಡದಿದ್ದರೆ ಘಟಕ ನಿಲ್ಲುತ್ತದೆ. ಪಂಚಾಯಿತಿ ಅನುದಾನ ಇಲ್ಲ ಅನ್ನುತ್ತದೆ. ಕಂಪನಿ 'ನಾವು ಹಸ್ತಾಂತರ ಮಾಡಿ ಆಯಿತು' ಅನ್ನುತ್ತದೆ, ಯಂತ್ರ ಕೂರಿಸಿದ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ, ಹೆಂಗಸರು ಮತ್ತೆ ಪಕ್ಕದ ಊರಿಗೆ ಕ್ಯಾನ್ ಹೊತ್ತುಕೊಂಡು ಹೋಗುತ್ತಾರೆ, ಇಲ್ಲವೇ ಗಂಡನ ಬೈಕಿನ ಹಿಂದೆ ಕೂತು ತರುತ್ತಾರೆ. ಇದರ ಜೊತೆಗೆ ಯಂತ್ರದಿಂದ ಹೊರಬೀಳುವ ಉಪ್ಪುನೀರು, ಶುದ್ಧ ನೀರಿನಷ್ಟೇ ಅಥವಾ ಅದಕ್ಕಿಂತ ಜಾಸ್ತಿ, ಎಲ್ಲಿಗೆ ಹರಿಯಬೇಕು ಎಂದು ಮೊದಲ ದಿನ ಯಾರೂ ಯೋಚಿಸಿರುವುದಿಲ್ಲ.

ಇಲ್ಲಿ ಯಾರೂ ಕೆಟ್ಟವರಲ್ಲ, ಗಮನಿಸಿ. ನಿಯಮಗಳೇ ಹಾಗಿವೆ. ಸಿಎಸ್‌ಆರ್ ಹಣದಲ್ಲಿ ಕಟ್ಟಿದ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಅದು ನೋಂದಾಯಿತ ಟ್ರಸ್ಟ್ ಅಥವಾ ಸೊಸೈಟಿಯ ಬಳಿ ಇರಬೇಕು, ಇಲ್ಲವೇ ಸರ್ಕಾರಿ ಸಂಸ್ಥೆಯ ಬಳಿ, ಇಲ್ಲವೇ ಫಲಾನುಭವಿಗಳ ಸ್ವಸಹಾಯ ಸಂಘದಂಥ ಗುಂಪಿನ ಬಳಿ. ಒಳ್ಳೆಯ ನಿಯಮವೇ. ಜನರ ಹೆಸರಲ್ಲಿ ಕಂಪನಿ ಆಸ್ತಿ ಮಾಡಿಕೊಳ್ಳಬಾರದು. ಆದರೆ ಇದರಿಂದ ಹಸ್ತಾಂತರದ ಕಾಗದಕ್ಕೆ ಸಹಿ ಬಿದ್ದ ಕೂಡಲೇ ಕಂಪನಿಯ ಲೆಕ್ಕ ಮುಗಿಯುತ್ತದೆ. ಖರ್ಚು ಮಾಡದೆ ಉಳಿಸಿಕೊಂಡ ಹಣವನ್ನು ನಿಗದಿತ ಖಾತೆಗೆ ಅಥವಾ ನಿಧಿಗೆ ವರ್ಗಾಯಿಸದಿದ್ದರೆ ಕಂಪನಿಗೆ ದಂಡ ಇದೆ, ಆ ಮೊತ್ತದ ಎರಡು ಪಟ್ಟು ಅಥವಾ 1 ಕೋಟಿ, ಯಾವುದು ಕಡಿಮೆಯೋ ಅದು. ಕಟ್ಟಿದ ಘಟಕ ಎರಡನೇ ವರ್ಷಕ್ಕೆ ಕೆಟ್ಟರೆ ದಂಡ ಇಲ್ಲ.

ಪರಿಣಾಮದ ಅಧ್ಯಯನ ಮಾಡಬೇಕು ಎಂಬ ನಿಯಮ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. 2021ರಿಂದ ಅದು ಕಡ್ಡಾಯ, ಆದರೆ ಯಾರಿಗೆ? ಸಿಎಸ್‌ಆರ್ ಬಾಧ್ಯತೆಯೇ ಸರಾಸರಿ 10 ಕೋಟಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗೆ, ಅದೂ 1 ಕೋಟಿ ಅಥವಾ ಮೇಲ್ಪಟ್ಟ ಯೋಜನೆಗೆ, ಯೋಜನೆ ಮುಗಿದು ಒಂದು ವರ್ಷವಾದ ಮೇಲೆ. ಹಳ್ಳಿಯ ಒಂದು ನೀರಿನ ಘಟಕ, ಎರಡು ಶಾಲಾ ಕೊಠಡಿ, ಒಂದು ಶೌಚಾಲಯ ಬಿಡಿಬಿಡಿಯಾಗಿ ಈ ಅಳತೆಗೆ ಸಿಗುವುದೇ ಇಲ್ಲ. ಹಳ್ಳಿಯವರ ಕಣ್ಣಿಗೆ ಅತಿ ಹತ್ತಿರ ಇರುವ ಕೆಲಸಗಳೇ ಕಾನೂನಿನ ಕಣ್ಣಿಗೆ ಬೀಳದಷ್ಟು ಚಿಕ್ಕವು. ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಬೇಸರ ತರಿಸುವ ವಿಷಯ ಇದು.

ಆದರೆ ಬಾಗಿಲು ಮುಚ್ಚಿಲ್ಲ. ಯೋಜನೆ ಮುಗಿದ ಮೇಲೆ ಅದನ್ನು ನಡೆಸುವ, ನಿರ್ವಹಿಸುವ ಕೆಲಸವನ್ನೇ ಇನ್ನೊಂದು ಸಿಎಸ್‌ಆರ್ ಯೋಜನೆಯಾಗಿ ರೂಪಿಸಿಕೊಳ್ಳಲು ಮಂಡಳಿಗೆ ಸ್ವಾತಂತ್ರ್ಯ ಇದೆ ಎಂದು ಸಚಿವಾಲಯವೇ ಹೇಳಿದೆ. ಶುರುವಾದ ವರ್ಷವನ್ನು ಬಿಟ್ಟು ಮೂರು ವರ್ಷದವರೆಗೆ ನಡೆಯುವ 'ಮುಂದುವರಿಯುವ ಯೋಜನೆ' ಮಾಡಲೂ ಅವಕಾಶ ಇದೆ, ಆ ವರ್ಷ ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಮುಂದೆ ಖರ್ಚು ಮಾಡಬಹುದು. ಅಂದರೆ ಕಂಪನಿಗೆ ಮನಸ್ಸಿದ್ದರೆ ಐದು ಹೊಸ ಘಟಕ ಕಟ್ಟುವ ಬದಲು ಮೂರು ಕಟ್ಟಿ, ಉಳಿದ ಹಣದಲ್ಲಿ ಮೂರನ್ನೂ ಓಡಿಸಬಹುದು. 'ಕಾನೂನು ಬಿಡುವುದಿಲ್ಲ' ಅನ್ನುವ ಮಾತು ಸರಿಯಲ್ಲ.

ಮತ್ತೆ, ಸ್ವಸಹಾಯ ಸಂಘದ ಹೆಸರಿಗೆ ಆಸ್ತಿ ಕೊಡಬಹುದು ಎಂದೆನಲ್ಲ, ಅದನ್ನು ನಮ್ಮ ಕಡೆ ಗಂಭೀರವಾಗಿ ತೆಗೆದುಕೊಳ್ಳಬೇಕು. ಸ್ವಸಹಾಯ ಗುಂಪುಗಳ ಚರಿತ್ರೆಯಲ್ಲಿ ಮೈಸೂರಿನ ಹೆಸರಿದೆ. ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ ಎಂಬತ್ತರ ದಶಕದಲ್ಲಿ ಇಂಥ ಗುಂಪುಗಳನ್ನು ಬೆಳೆಸಿದ ಮೊದಲಿಗರಲ್ಲಿ ಒಂದು. ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಿವೆ. ಎಷ್ಟೋ ಪಂಚಾಯಿತಿಗಳಲ್ಲಿ ಕಸದ ಗಾಡಿಯನ್ನು ಈ ಸಂಘಗಳ ಹೆಣ್ಣುಮಕ್ಕಳೇ ಓಡಿಸುತ್ತಿದ್ದಾರೆ. ಸಾಲ ಕೊಟ್ಟು, ವಸೂಲಿ ಮಾಡಿ, ವಾರವಾರ ಪುಸ್ತಕ ಬರೆಯುವವರಿಗೆ ಒಂದು ನೀರಿನ ಘಟಕದ ಲೆಕ್ಕ ಕಷ್ಟವಾ? ದಿನಾ ಆ ನೀರು ಕುಡಿಯುವವರೇ ಅದರ ಗಲ್ಲಾ ನೋಡಿಕೊಂಡರೆ ಮೆಂಬ್ರೇನಿನ ದುಡ್ಡು ಉಳಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಶಾಲೆಗಳ ಕಥೆ ಸ್ವಲ್ಪ ಬೇರೆ. ಕಟ್ಟಡ, ಬಣ್ಣ, ಸ್ಮಾರ್ಟ್ ಕ್ಲಾಸ್ ಟಿವಿ ಕೊಡಲು ಕಂಪನಿಗಳು ಮುಂದೆ ಬರುತ್ತವೆ, ಬರಲಿ, ಸೋರುವ ಮಾಡಿನ ಕೆಳಗೆ ಮಕ್ಕಳು ಕೂರಬಾರದು. ಆದರೆ ಟಿವಿ ಕೊಟ್ಟು ಅದನ್ನು ಪಾಠಕ್ಕೆ ಬಳಸುವುದು ಹೇಗೆ ಎಂದು ಟೀಚರಿಗೆ ಹೇಳಿಕೊಡದಿದ್ದರೆ ಅದು ಬೀರುವಿನ ಪಕ್ಕ ಬಟ್ಟೆ ಹೊದ್ದು ನಿಲ್ಲುತ್ತದೆ. ರಾಜ್ಯದ ಕಿರಿಯ ತರಗತಿಗಳ ಕಲಿಕೆಯನ್ನೇ ಬದಲಿಸಿದ ನಲಿ-ಕಲಿ ಪದ್ಧತಿ ತೊಂಬತ್ತರ ದಶಕದಲ್ಲಿ ಹುಟ್ಟಿದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅದು ಯಾವ ದೊಡ್ಡ ಕಟ್ಟಡದಿಂದ ಬಂದದ್ದಲ್ಲ, ಸರ್ಕಾರಿ ಶಾಲೆಯ ಶಿಕ್ಷಕರು ಕೂತು ಕಾರ್ಡು, ಹಾಡು, ಆಟಗಳನ್ನು ತಯಾರಿಸಿ ಪ್ರಯೋಗ ಮಾಡಿದ್ದರಿಂದ ಬಂದದ್ದು. ಶಿಕ್ಷಕರ ತರಬೇತಿ, ಗಣಿತಕ್ಕೋ ಇಂಗ್ಲಿಷಿಗೋ ಒಬ್ಬ ಹೆಚ್ಚುವರಿ ಟೀಚರ್, ಸಂಜೆ ಓದಿಸುವ ಕೇಂದ್ರ, ಇವಕ್ಕೆ ಬೋರ್ಡ್ ಹಾಕುವ ಗೋಡೆ ಇರುವುದಿಲ್ಲ. ಅದಕ್ಕೇ ಇವು ಪಟ್ಟಿಯಲ್ಲಿ ಕೆಳಗೆ ಹೋಗುತ್ತವೆ. ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಅರ್ಜಿ ಬರೆಯುವಾಗ ಇವನ್ನು ಮೇಲೆ ಬರೆಯಬೇಕು.

ಕೆರೆಗಳ ಕೆಲಸದಲ್ಲಿ ಒಡೆತನದ ಪ್ರಶ್ನೆ ಇನ್ನೂ ಜೋರು. ಮೈಸೂರು ನಗರದಲ್ಲೇ ನೋಡಿ, ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು, ಕಾರಂಜಿ ಕೆರೆ ಮೃಗಾಲಯದವರದ್ದು, ಲಿಂಗಾಂಬುಧಿ ಅರಣ್ಯ ಇಲಾಖೆಯ ಕೈಯಲ್ಲಿ. ಒಂದು ಕಂಪನಿ ಕೆರೆ ಸರಿಮಾಡುತ್ತೇನೆ ಎಂದು ಬಂದರೆ ಮೊದಲು ಯಾರ ಬಾಗಿಲು ತಟ್ಟಬೇಕು ಎನ್ನುವುದೇ ಒಂದು ಕೆಲಸ. ಕೆರೆ ಅಂದರೆ ಬರೀ ಗುಂಡಿಯಲ್ಲ, ನೀರು ಬರುವ ಕಾಲುವೆ, ತೂಬು, ಏರಿ, ಕೋಡಿ ಎಲ್ಲ ಸೇರಿ ಕೆರೆ. ಹೂಳೆತ್ತಿ, ಸುತ್ತ ನಡೆಯುವ ದಾರಿ ಮಾಡಿ, ಬೆಂಚು ಹಾಕಿ, ಒಳಬರುವ ಕೊಳಚೆಯನ್ನು ಹಾಗೇ ಬಿಟ್ಟರೆ ವರ್ಷ ಕಳೆಯುವುದರೊಳಗೆ ನಾರುತ್ತದೆ. ಹೆಬ್ಬಾಳ ಕೆರೆಯ ಪುನಶ್ಚೇತನವನ್ನು ಇನ್ಫೋಸಿಸ್ ಫೌಂಡೇಷನ್ ಕೈಗೆತ್ತಿಕೊಂಡಾಗ ಕೊಳಚೆ ನೀರಿನ ಶುದ್ಧೀಕರಣವನ್ನೂ ಸೇರಿಸಿಕೊಂಡದ್ದು ಈ ಕಾರಣಕ್ಕೆ ಸರಿಯಾದ ನಡೆ. ಕೆರೆಯ ರೋಗ ಕೆರೆಯೊಳಗೆ ಇರುವುದಿಲ್ಲ, ಅದಕ್ಕೆ ನೀರು ತರುವ ದಾರಿಯಲ್ಲಿರುತ್ತದೆ.

ಹಣದ ಮಾತು ಬಂದಾಗಲೆಲ್ಲ ನನಗೆ ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರ ನೆನಪಾಗುತ್ತದೆ. ಕುರಿ ಕಾಯುತ್ತಿದ್ದ ಮನುಷ್ಯ. ಕುಂದೂರು ಬೆಟ್ಟದಲ್ಲಿ ಹಕ್ಕಿಗೆ, ಪ್ರಾಣಿಗೆ ನೀರಿಲ್ಲ ಎಂದು ಕುರಿ ಮಾರಿದ ದುಡ್ಡು ಹಾಕಿ ಹತ್ತಕ್ಕೂ ಹೆಚ್ಚು ಕಟ್ಟೆ ತೋಡಿದರು. 2020ರಲ್ಲಿ ಪ್ರಧಾನಿಯ 'ಮನ್ ಕಿ ಬಾತ್'ನಲ್ಲಿ ಅವರ ಹೆಸರು ಬಂತು, 2022ರಲ್ಲಿ ತೀರಿಕೊಂಡರು. ಎಲ್ಲರೂ ಅವರಂತೆ ಆಗಬೇಕು ಎನ್ನಲು ಇದನ್ನು ಹೇಳುತ್ತಿಲ್ಲ, ಹಾಗೆ ಹೇಳುವುದು ಬಡವರ ಮೇಲೆ ಭಾರ ಹಾಕಿದಂತೆ. ಎಲ್ಲಿ ತೋಡಿದರೆ ನೀರು ನಿಲ್ಲುತ್ತದೆ, ಎಲ್ಲಿ ದನಕರು ಬರುತ್ತವೆ ಎನ್ನುವ ತಿಳಿವಳಿಕೆ ಆ ಜಾಗದಲ್ಲಿ ದಿನಾ ಓಡಾಡುವವರಿಗೆ ಇರುತ್ತದೆ, ಅಷ್ಟನ್ನು ಕಂಪನಿಗಳು ಕೇಳಿ ತಿಳಿದುಕೊಳ್ಳಬೇಕು. ಯೋಜನೆಯ ನಕ್ಷೆ ಬೆಂಗಳೂರಿನಲ್ಲಿ ತಯಾರಾಗಿ ಬಂದರೆ ಈ ತಿಳಿವಳಿಕೆಗೆ ಅದರಲ್ಲಿ ಜಾಗ ಇರುವುದಿಲ್ಲ.

ಸುಮ್ನೆ ಕಂಪನಿಗಳನ್ನು ಬೈಯುವುದೂ ನನಗೆ ಇಷ್ಟವಿಲ್ಲ. ಮೈಸೂರು ಮೃಗಾಲಯಕ್ಕೆ 2021ರಲ್ಲಿ ಜರ್ಮನಿಯಿಂದ ತಾಬೊ, ಡೆಂಬಾ ಎಂಬ ಗೊರಿಲ್ಲಾಗಳು ಬಂದಾಗ ಅವುಗಳ ಮನೆಗೆ ಇನ್ಫೋಸಿಸ್ ಫೌಂಡೇಷನ್ ನೆರವಾಯಿತು. ಮಕ್ಕಳು ಕುಣಿದಾಡಿದರು. ಅದು ತಪ್ಪು ಖರ್ಚು ಅಂತ ನಾನು ಹೇಳುವುದಿಲ್ಲ, ಪ್ರಾಣಿಗಳ ಆರೈಕೆಯೂ ಅನುಸೂಚಿಯಲ್ಲಿದೆ. ಮೃಗಾಲಯಕ್ಕೆ ಕೊಟ್ಟದ್ದು ಉಳಿಯುತ್ತದೆ, ಯಾಕೆಂದರೆ ಅಲ್ಲಿ ನೋಡಿಕೊಳ್ಳುವ ಸಿಬ್ಬಂದಿ ಇದ್ದಾರೆ, ಟಿಕೆಟ್ ಆದಾಯ ಇದೆ, ಪಶುವೈದ್ಯರಿದ್ದಾರೆ. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನಂಥ ಸಂಸ್ಥೆ 1984ರಲ್ಲಿ ಹುಟ್ಟಿ ಕಾಡಂಚಿನ ಆದಿವಾಸಿ ಜನರ ನಡುವೆ ಬೇರು ಬಿಟ್ಟಿದೆ, ಆಸ್ಪತ್ರೆ, ಶಾಲೆ ನಡೆಸುತ್ತದೆ. ಅಂಥ ಕಡೆ ಕೊಟ್ಟ ಹಣ ದಾರಿ ತಪ್ಪುವುದು ಕಷ್ಟ. ಉಳಿಯುವ ಕೆಲಸಗಳಲ್ಲೆಲ್ಲ ಕಾಣುವುದು ಇದೇ, ನಡೆಸುವವರು ಮೊದಲೇ ಇದ್ದರು, ಹಣ ಆಮೇಲೆ ಬಂತು. ಹಳ್ಳಿಯ ನೀರಿನ ಘಟಕದಲ್ಲಿ ಹಣ ಮೊದಲು ಬರುತ್ತದೆ, ನಡೆಸುವವರನ್ನು ಆಮೇಲೆ ಹುಡುಕುತ್ತೇವೆ.

ಇನ್ನೊಂದು ವಿಷಯವನ್ನು ಇಲ್ಲಿ ನೇರವಾಗಿ ಹೇಳಬೇಕು. ಕಾರ್ಖಾನೆಯ ಕೊಳಚೆ ನೀರು ಶುದ್ಧ ಮಾಡುವುದು ಸಿಎಸ್‌ಆರ್ ಅಲ್ಲ, ಅದು ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸ. ನೌಕರರಿಗೆಂದೇ ಮಾಡುವ ಸೌಲಭ್ಯವೂ ಅಲ್ಲ. ಜಾಹೀರಾತಿಗಾಗಿ ಮಾಡುವ ಪ್ರಾಯೋಜಕತ್ವವೂ ಅಲ್ಲ, ರಾಜಕೀಯ ಪಕ್ಷಕ್ಕೆ ಕೊಡುವ ದೇಣಿಗೆಯಂತೂ ಅಲ್ಲವೇ ಅಲ್ಲ. ಜಮೀನು ಕೊಟ್ಟ ಕುಟುಂಬಕ್ಕೆ ಕೆಲಸ ಕೊಡುವ ಮಾತನ್ನೂ ಇದರೊಳಗೆ ಬೆರೆಸಬಾರದು. ಶಾಲೆಗೆ ಬೆಂಚು ಕೊಟ್ಟಿದ್ದೇವಲ್ಲ, ಕಪಿಲಾ ನದಿಗೆ ಏನು ಹರಿಯುತ್ತಿದೆ ಎಂದು ಕೇಳಬೇಡಿ ಎನ್ನುವ ವ್ಯಾಪಾರಕ್ಕೆ ಯಾವ ಊರೂ ಒಪ್ಪಬಾರದು. ಅದೇ ರೀತಿ ಸರ್ಕಾರವೂ ತನ್ನ ಕೆಲಸವನ್ನು ಕಂಪನಿ ತಲೆಗೆ ಕಟ್ಟಬಾರದು. ಶಿಕ್ಷಕರ ನೇಮಕ, ಆಸ್ಪತ್ರೆಗೆ ಡಾಕ್ಟರು, ಇವು ಸರ್ಕಾರದ್ದೇ ಹೊಣೆ. ವರ್ಷಕ್ಕೊಮ್ಮೆ ಬದಲಾಗುವ ಲಾಭದ ಮೇಲೆ ಇವನ್ನು ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಮಂಡ್ಯದ ಶಾಲೆಯನ್ನೇ ನೋಡಬಹುದು.

ಹಾಗಾದರೆ ಒಂದು ಊರು ಮಾಡಬಹುದಾದದ್ದು ಏನು? ಮೊದಲು ಹುಡುಕಬೇಕು. ಕಂಪನಿಗೆ ವೆಬ್‌ಸೈಟ್ ಇದ್ದರೆ ಅದರಲ್ಲಿ ಸಿಎಸ್‌ಆರ್ ನೀತಿ, ಸಮಿತಿಯಲ್ಲಿ ಯಾರಿದ್ದಾರೆ, ಮಂಡಳಿ ಒಪ್ಪಿದ ಯೋಜನೆಗಳು ಯಾವುವು ಎಂದು ಹಾಕಲೇಬೇಕು, ಅದು ನಿಯಮ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್‌ನಲ್ಲಿ ಯಾವ ಕಂಪನಿ ಎಷ್ಟು ಖರ್ಚು ಮಾಡಿತು ಎಂಬ ಲೆಕ್ಕ ಸಿಗುತ್ತದೆ. ಓದುವ ಹುಡುಗ ಹುಡುಗಿಯರು ಊರಲ್ಲಿ ಒಬ್ಬರಾದರೂ ಇರುತ್ತಾರೆ, ಮೊಬೈಲಿನಲ್ಲೇ ನೋಡಬಹುದು. ಖಾಸಗಿ ಕಂಪನಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಾಗುವುದಿಲ್ಲ, ಆದರೆ ಘಟಕವನ್ನು ವಶಕ್ಕೆ ಪಡೆದ ಗ್ರಾಮ ಪಂಚಾಯಿತಿಗೆ ಹಾಕಬಹುದು. ಹಸ್ತಾಂತರದ ಕಾಗದದಲ್ಲಿ ಏನು ಬರೆದಿದೆ ಎಂದು ಅಲ್ಲಿಂದಲೇ ತೆಗೆಸಿ.

ಕೇಳುವ ಸಮಯವೂ ಮುಖ್ಯ. ಮಾರ್ಚ್ ತಿಂಗಳಲ್ಲಿ ಹೋದರೆ ಕಂಪನಿಗಳು ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುತ್ತವೆ, ಆಗ ಸಿಗುವುದು ಬೇಗ ಕೊಂಡು ಬೇಗ ಹಂಚಬಹುದಾದ ವಸ್ತುಗಳು. ಬ್ಯಾಗು, ನೋಟ್ ಪುಸ್ತಕ, ಒಂದಿಷ್ಟು ಕುರ್ಚಿ. ವರ್ಷದ ಕ್ರಿಯಾ ಯೋಜನೆ ತಯಾರಾಗುವ ಹೊತ್ತಿಗೆ ಹೋದರೆ ಮೂರು ವರ್ಷದ ಕೆಲಸದ ಮಾತಾಡಬಹುದು. ಅರ್ಜಿಯಲ್ಲಿ 'ನಮ್ಮ ಊರಿಗೆ ನೀರಿನ ಘಟಕ ಬೇಕು' ಎಂದು ಒಂದು ಸಾಲು ಬರೆಯುವುದಕ್ಕಿಂತ, ಎಷ್ಟು ಮನೆ, ಈಗ ನೀರು ಎಲ್ಲಿಂದ ತರುತ್ತಿದ್ದಾರೆ, ಯಾವ ಸಂಘ ನಡೆಸುತ್ತದೆ, ಕ್ಯಾನಿಗೆ ಎಷ್ಟು ವಸೂಲಿ ಮಾಡುತ್ತೇವೆ, ಉಪ್ಪುನೀರನ್ನು ಎಲ್ಲಿಗೆ ಬಿಡುತ್ತೇವೆ ಎಂದು ಗ್ರಾಮ ಸಭೆಯ ನಿರ್ಣಯದೊಂದಿಗೆ ಬರೆದುಕೊಂಡು ಹೋದರೆ ಕಂಪನಿಯವರು ಕೂತು ಕೇಳುತ್ತಾರೆ. ಅವರಿಗೂ ಕೆಟ್ಟು ನಿಂತ ಘಟಕದ ಮೇಲೆ ತಮ್ಮ ಹೆಸರು ಇರುವುದು ಬೇಡ.

ಒಪ್ಪಂದದಲ್ಲಿ ನಾನಾದರೆ ಮೂರು ವಿಷಯಕ್ಕೆ ಹಠ ಹಿಡಿಯುತ್ತೇನೆ. ಮೂರು ವರ್ಷದ ನಿರ್ವಹಣೆ ಕಂಪನಿಯ ಖರ್ಚಿನಲ್ಲಿ, ಅದೂ ಯಂತ್ರ ಕೂರಿಸಿದವರ ಜೊತೆಗಿನ ಕರಾರಿನ ನಕಲು ಪಂಚಾಯಿತಿಯ ಕೈಯಲ್ಲಿ ಇರಬೇಕು. ನಾಣ್ಯದ ಹಣಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಅದರ ಲೆಕ್ಕ ಗ್ರಾಮ ಸಭೆಯಲ್ಲಿ ಓದಬೇಕು. ಇನ್ನು ಆ ಬೋರ್ಡ್ ಮೇಲೆ ಉದ್ಘಾಟಕರ ಹೆಸರಿನ ಕೆಳಗೆ, ಕೆಟ್ಟರೆ ಫೋನ್ ಮಾಡಬೇಕಾದ ನಂಬರ್ ಮತ್ತು ನಿರ್ವಹಣೆಯ ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ ಎನ್ನುವುದನ್ನು ದೊಡ್ಡ ಅಕ್ಷರದಲ್ಲಿ ಬರೆಸಬೇಕು.